ಒಂಬತ್ತನೇ ವಾರದ ಚಿಂತೆ: ಮಗುವಿನ ಮೆದುಳಿಗೆ ಸಿಗ್ನಲ್ ಯಾವಾಗ, ಎಷ್ಟು?

ಓದುಗರ ಪ್ರಶ್ನೆ: ನಾನು ಗೋಣಿಕೊಪ್ಪದ ಹತ್ತಿರ ಪ್ರೌಢಶಾಲೆಯಲ್ಲಿ ವಿಜ್ಞಾನ ಟೀಚರ್. ವಯಸ್ಸು 29. ಮೊದಲ ಬಾರಿ ಬಸುರಿ, ಈಗ ಒಂಬತ್ತನೇ ವಾರ. ಕಳೆದ ವರ್ಷ ನನ್ನ ಓರಗಿತ್ತಿಯ ಮಗುವಿಗೆ ತಲೆಬುರುಡೆ, ಮೆದುಳು ಬೆಳೆದೇ ಇಲ್ಲ ಎಂದು ಐದನೇ ತಿಂಗಳ ಸ್ಕ್ಯಾನಿನಲ್ಲಿ ಗೊತ್ತಾಯಿತು. ಗರ್ಭ ತೆಗೆಸಬೇಕಾಯಿತು. ಗ್ರಹಣದ ದಿನ ಅವರು ತರಕಾರಿ ಹೆಚ್ಚಿದ್ದೇ ಕಾರಣ ಎಂದು ಮನೆಯಲ್ಲಿ ಈಗಲೂ ಹೇಳುತ್ತಾರೆ. ನಾನು ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿದ್ದು ಆರನೇ ವಾರ ಕಳೆದ ಮೇಲೆ. ಮುಟ್ಟು ತಪ್ಪುವುದಕ್ಕೆ ಮೊದಲು ಒಂದು ಮದುವೆಯಲ್ಲಿ ಎರಡು ಗ್ಲಾಸ್ ಮನೆ ವೈನ್ ಕುಡಿದಿದ್ದೆ. ದಿನಕ್ಕೆ ನಾಲ್ಕೈದು ಲೋಟ ಕಾಫಿ ಅಭ್ಯಾಸ. ತೋಟಕ್ಕೆ ಔಷಧಿ ಹೊಡೆಯುವಾಗ ವಾಸನೆ ಮನೆಯೊಳಗೇ ಬರುತ್ತದೆ. ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ 6.2 ಬಂದು, ಟಿ4 ಸರಿ ಇದೆ ಎಂದು 50 ಮೈಕ್ರೋಗ್ರಾಂ ಥೈರಾಕ್ಸಿನ್ ಬರೆದುಕೊಟ್ಟರು. ಹೊಟ್ಟೆಯಲ್ಲಿರುವ ಮಗುವಿಗೆ ಈ ಮಾತ್ರೆ ಉಷ್ಣ ಎಂದು ಅತ್ತೆ ಹೇಳಿದ್ದರಿಂದ ಕೆಲವು ದಿನಗಳಿಂದ ಬಿಟ್ಟಿದ್ದೇನೆ. ಮೆದುಳನ್ನು ಕಟ್ಟುವುದು ಅಣುಗಳ ಸಿಗ್ನಲ್ ಎಂದು ಓದಿದೆ. ನನ್ನಿಂದ ಆ ಸಿಗ್ನಲ್ ಕೆಟ್ಟಿರಬಹುದಾ? ಈಗ ಏನು ಮಾಡಲಿ?

ಉತ್ತರ: ಟೀಚರ್, ಮೊದಲು ಮಾತ್ರೆಯ ವಿಷಯ ಮುಗಿಸೋಣ. ಥೈರಾಯ್ಡ್ ಮಾತ್ರೆ ನಾಳೆ ಬೆಳಗ್ಗೆಯೇ ಮತ್ತೆ ಶುರು ಮಾಡಿ. ಬಿಟ್ಟ ದಿನಗಳದ್ದನ್ನೆಲ್ಲ ಸೇರಿಸಿ ನುಂಗಬೇಡಿ, ದಿನಕ್ಕೆ ಬರೆದುಕೊಟ್ಟಷ್ಟೇ. ನಿಮ್ಮ ಇಡೀ ಪತ್ರದಲ್ಲಿ ನನಗೆ ಚಿಂತೆ ಆದದ್ದು ಆ ಒಂದು ಸಾಲಿಗೆ. ವೈನು, ಕಾಫಿ, ಗ್ರಹಣ ಎಲ್ಲಕ್ಕೂ ಬರುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ಎರಡು ಭಯ ಬೆರೆತಿವೆ. ಒಂದು, ಆಗಿಹೋದ ವಾರಗಳದ್ದು: ಓರಗಿತ್ತಿಗೆ ಆದದ್ದು ನನಗೂ ಆಗುತ್ತದಾ, ಫೋಲಿಕ್ ತಡವಾಯಿತಲ್ಲ ಎಂಬುದು. ಇನ್ನೊಂದು, ಮುಂದಿನ ತಿಂಗಳುಗಳದ್ದು. ಇವೆರಡನ್ನೂ ಬೇರೆ ಬೇರೆ ನೋಡಬೇಕು. ಮೆದುಳನ್ನು ಕಟ್ಟುವ ಸಿಗ್ನಲ್‌ಗಳು ಒಂದೇ ಸಲ ಬಂದು ಮುಗಿಯುವುದಿಲ್ಲ. ಒಂದೊಂದಕ್ಕೂ ಅದರದ್ದೇ ಹೊತ್ತು, ಅದರದ್ದೇ ಪ್ರಮಾಣ ಇದೆ. ತೋಟದ ಮನೆಯವರಿಗೆ ಇದನ್ನು ಹೇಳುವುದು ಸುಲಭ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಹದವಾಗಿ ಬಿದ್ದರೆ ಕಾಫಿ ಹೂ ಅರಳುತ್ತದೆ. ಅರೆಬರೆ ಬಿದ್ದರೆ ಮೊಗ್ಗು ಒಣಗುತ್ತದೆ. ಹೂ ಅರಳಿದ ದಿನವೇ ಜೋರಾಗಿ ಹೊಯ್ದರೆ ಅದೂ ನಷ್ಟ. ಮಳೆ ಒಂದೇ, ಅಲ್ವಾ? ಆದರೆ ಬಿದ್ದ ದಿನ ಮತ್ತು ಬಿದ್ದ ಇಂಚು ಎರಡೂ ಲೆಕ್ಕಕ್ಕೆ ಬರುತ್ತವೆ.

ಈಗ ವಿಜ್ಞಾನಕ್ಕೆ ಬರೋಣ. ನೀವು ಪಾಠ ಮಾಡುವವರು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಗರ್ಭ ಕಟ್ಟಿ ಹದಿನೆಂಟು ದಿನ ಆಗುವ ಹೊತ್ತಿಗೆ ಭ್ರೂಣ ಒಂದು ಚಪ್ಪಟೆ ತಟ್ಟೆ. ಅದರ ಮೇಲ್ಪದರದ ಕೋಶಗಳ ಮುಂದೆ ಎರಡು ದಾರಿ ಇವೆ: ಚರ್ಮ ಆಗಬಹುದು, ನರಮಂಡಲ ಆಗಬಹುದು. ಅಲ್ಲಿ ಬಿಎಂಪಿ ಎಂಬ ಪ್ರೋಟೀನ್ ಇರುತ್ತದೆ. ಅದು ಕೋಶಗಳನ್ನು ಚರ್ಮದ ಕಡೆಗೆ ತಳ್ಳುತ್ತದೆ. ಬೆನ್ನಿನ ನಡು ಭಾಗದಲ್ಲಿ ಮಾತ್ರ ನಾಗಿನ್, ಕಾರ್ಡಿನ್ ಎಂಬ ಬೇರೆ ಪ್ರೋಟೀನ್‌ಗಳು ಬಂದು ಬಿಎಂಪಿಯನ್ನು ಹಿಡಿದುಕೊಳ್ಳುತ್ತವೆ. ಅಲ್ಲಿ ತಳ್ಳುವವರು ಇಲ್ಲವಾದಾಗ ಕೋಶಗಳು ನರಮಂಡಲದ ದಾರಿ ಹಿಡಿಯುತ್ತವೆ. ಅಂದರೆ ಮೆದುಳಿನ ಮೊದಲ ಹೆಜ್ಜೆಯೇ ಒಂದು ಸಿಗ್ನಲ್ ಅನ್ನು ತಡೆಯುವುದು. ಹೀಗೆ ಒಂದು ಜಾಗದ ಕೋಶಗಳು ಪಕ್ಕದ ಕೋಶಗಳ ಹಣೆಬರಹ ಬದಲಿಸುತ್ತವೆ ಎಂದು ಮೊದಲು ತೋರಿಸಿದವರು ಜರ್ಮನಿಯ ಹಾನ್ಸ್ ಸ್ಪೆಮನ್ ಮತ್ತು ಅವರ ವಿದ್ಯಾರ್ಥಿನಿ ಹಿಲ್ಡ ಮ್ಯಾಂಗೋಲ್ಡ್. ನೀರಿನಲ್ಲಿ ಬದುಕುವ ನ್ಯೂಟ್ ಎಂಬ ಪ್ರಾಣಿಯ ಒಂದು ಭ್ರೂಣದ ಸಣ್ಣ ಚೂರನ್ನು ಇನ್ನೊಂದರ ಹೊಟ್ಟೆ ಕಡೆಗೆ ಕಸಿ ಮಾಡಿದಾಗ ಅಲ್ಲಿ ಎರಡನೆಯ ಮೆದುಳು, ಬೆನ್ನುಹುರಿ ಮೂಡಿತು. ಅದು ಪ್ರಕಟವಾದದ್ದು 1924ರಲ್ಲಿ. ಸ್ಪೆಮನ್‌ಗೆ 1935ರಲ್ಲಿ ನೊಬೆಲ್ ಬಂತು. ಹಿಲ್ಡ ಆ ಹೊತ್ತಿಗೆ ಬದುಕಿರಲಿಲ್ಲ. ಪ್ರಯೋಗ ಪ್ರಕಟವಾದ ವರ್ಷವೇ ಮನೆಯಲ್ಲಿ ಬೆಂಕಿ ಅವಘಡವಾಗಿ ತೀರಿಕೊಂಡಿದ್ದರು.

ಆಮೇಲೆ ಆ ತಟ್ಟೆಯ ಎರಡು ಅಂಚುಗಳು ಮೇಲೆದ್ದು, ಬಾಗಿ, ಒಂದಕ್ಕೊಂದು ಅಂಟಿ ಕೊಳವೆ ಆಗುತ್ತದೆ. ಇದೇ ನರನಾಳ. ಮುಂದಿನ ತುದಿ, ಅಂದರೆ ತಲೆಯ ಕಡೆಯದು, ಗರ್ಭ ಕಟ್ಟಿ ಸುಮಾರು 25 ದಿನಕ್ಕೆ ಮುಚ್ಚುತ್ತದೆ, ಹಿಂದಿನ ತುದಿ 28 ದಿನದ ಒಳಗೆ. ಕೊಳವೆ ಮುಚ್ಚುತ್ತಿರುವಾಗಲೇ ಅದರ ಒಳಗೆ ವಿಂಗಡಣೆ ನಡೆಯುತ್ತಿರುತ್ತದೆ. ಹೊಟ್ಟೆಯ ಕಡೆಯ ಕೆಳಭಾಗದಿಂದ ಸೋನಿಕ್ ಹೆಡ್ಜ್‌ಹಾಗ್ ಎಂಬ ಪ್ರೋಟೀನ್ ಹರಡುತ್ತದೆ. (ಹೌದು, ವಿಡಿಯೋ ಗೇಮಿನ ಹೆಸರೇ. ವಿಜ್ಞಾನಿಗಳಿಗೂ ಒಮ್ಮೊಮ್ಮೆ ತಮಾಷೆ ಬೇಕು.) ಬೆನ್ನಿನ ಕಡೆಯ ಮೇಲ್ಭಾಗದಿಂದ ಬಿಎಂಪಿ ಮತ್ತು ವಿಂಟ್ ಎಂಬ ಇನ್ನೊಂದು ಪ್ರೋಟೀನ್ ಬರುತ್ತವೆ. ಹೆಡ್ಜ್‌ಹಾಗ್ ಹುಟ್ಟುವ ಜಾಗಕ್ಕೆ ಹತ್ತಿರ ಇರುವ ಕೋಶಕ್ಕೆ ಅದು ಜಾಸ್ತಿ ಸಿಗುತ್ತದೆ, ದೂರದ ಕೋಶಕ್ಕೆ ಕಡಿಮೆ. ಎಷ್ಟು ಸಿಕ್ಕಿತು, ಎಷ್ಟು ಹೊತ್ತು ಸಿಕ್ಕಿತು ಎಂಬುದರ ಮೇಲೆ ಕೋಶ ತಾನು ಏನಾಗಬೇಕೆಂದು ತೀರ್ಮಾನಿಸುತ್ತದೆ. ಸ್ನಾಯು ಅಲುಗಾಡಿಸುವ ನರಕೋಶಗಳು ಕೆಳಭಾಗದಲ್ಲಿ ಹುಟ್ಟುವುದು, ಮುಟ್ಟಿದ್ದನ್ನು ತಿಳಿಯುವ ದಾರಿಗಳು ಮೇಲ್ಭಾಗದಲ್ಲಿ ಹುಟ್ಟುವುದು ಹೀಗೆಯೇ.

ಸಿಗ್ನಲ್ ತಪ್ಪಿದರೆ ಏನಾಗುತ್ತದೆ ಎಂದು ಕುರಿಗಳು ತೋರಿಸಿಕೊಟ್ಟವು. 1950ರ ದಶಕದಲ್ಲಿ ಅಮೆರಿಕದ ಐಡಾಹೊ ರಾಜ್ಯದಲ್ಲಿ ಹಣೆಯ ನಡುವೆ ಒಂದೇ ಕಣ್ಣಿರುವ ಮರಿಗಳು ಹುಟ್ಟತೊಡಗಿದವು. ಕುರಿಗಾಹಿಗಳಿಗೆ ದಿಕ್ಕೇ ತೋಚಲಿಲ್ಲ. ಸರ್ಕಾರದ ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕಿದ ಮೇಲೆ ಸಿಕ್ಕಿದ್ದು ಬೆಟ್ಟದ ಹುಲ್ಲುಗಾವಲಿನ ಒಂದು ಗಿಡ. ಅದರಲ್ಲಿ ಸೈಕ್ಲೋಪಮೈನ್ ಎಂಬ ವಿಷ ಇತ್ತು. ವಿಚಿತ್ರ ಏನೆಂದರೆ, ತಾಯಿ ಕುರಿ ಗರ್ಭದ ಹದಿನಾಲ್ಕನೇ ದಿನದ ಸುಮಾರಿಗೆ ಅದನ್ನು ತಿಂದಿದ್ದರೆ ಮಾತ್ರ ಒಕ್ಕಣ್ಣಿನ ಮರಿ. ಅದಕ್ಕಿಂತ ಸಾಕಷ್ಟು ತಡವಾಗಿ ತಿಂದ ಕುರಿಗಳ ಮರಿಗಳಲ್ಲಿ ಈ ದೋಷ ಬರುತ್ತಿರಲಿಲ್ಲ. ಕಾರಣ ಬಿಡಿಸಿದ್ದು 1990ರ ದಶಕದಲ್ಲಿ. 1996ರಲ್ಲಿ ಹೆಡ್ಜ್‌ಹಾಗ್ ಜೀನ್ ತೆಗೆದ ಇಲಿಮರಿಗಳಲ್ಲೂ ಅದೇ ಒಕ್ಕಣ್ಣು ಕಂಡಿತು. 1998ರಲ್ಲಿ ಆ ಗಿಡದ ವಿಷ ಹೆಡ್ಜ್‌ಹಾಗ್ ಸಿಗ್ನಲ್ ಅನ್ನೇ ತಡೆಯುತ್ತದೆ ಎಂದು ಗೊತ್ತಾಯಿತು. ಮೆದುಳಿನ ಮುಂಭಾಗವನ್ನು ಎಡ, ಬಲ ಎಂದು ಎರಡು ಮಾಡುವ ಹೊತ್ತಿಗೆ ಆ ಸಿಗ್ನಲ್ ಬೇಕೇ ಬೇಕು. ಆ ದಾರಿಯನ್ನೇ ತಡೆಯುವ ಬೇರೆ ಔಷಧಿಯನ್ನು ಈಗ ಒಂದು ಬಗೆಯ ಚರ್ಮದ ಕ್ಯಾನ್ಸರಿಗೆ ಕೊಡುತ್ತಾರೆ. ಬಸುರಿಯರು ಅದರ ಹತ್ತಿರವೂ ಹೋಗಬಾರದು ಎಂಬ ಎಚ್ಚರಿಕೆಯ ಜೊತೆಗೆ.

ನಮ್ಮೂರಿನಲ್ಲಿ ಇದಕ್ಕಿಂತ ಹತ್ತಿರದ ಅಪಾಯ ಮೊಡವೆ ಮಾತ್ರೆ. ಐಸೋಟ್ರೆಟಿನಾಯಿನ್ ಎಂದು ಬರೆದಿರುತ್ತದೆ. ಅದು ವಿಟಮಿನ್ ಎ ಜಾತಿಯ ರೆಟಿನಾಯಿಕ್ ಆಮ್ಲ. ಮೆದುಳಿನ ಹಿಂಭಾಗದಲ್ಲಿ ಯಾವ ಭಾಗ ಎಲ್ಲಿ ಬರಬೇಕು ಎಂದು ಹೇಳುವ ಸಿಗ್ನಲ್ ಕೂಡ ರೆಟಿನಾಯಿಕ್ ಆಮ್ಲವೇ. ಹೊರಗಿನಿಂದ ಅದನ್ನೇ ಸುರಿದರೆ ವಿಂಗಡಣೆ ಕಲಸಿಹೋಗುತ್ತದೆ. ಮೆದುಳು, ಕಿವಿ, ಹೃದಯ ಮೂರಕ್ಕೂ ಪೆಟ್ಟು. ನೀವು ತೆಗೆದುಕೊಂಡಿಲ್ಲ ಎಂದುಕೊಳ್ಳುತ್ತೇನೆ. ಮದುವೆಗೆ ಮುಂಚೆ ಮುಖ ಚೆನ್ನಾಗಿರಲಿ ಎಂದು ಈ ಮಾತ್ರೆ ನುಂಗುವ ನಿಮ್ಮ ತಂಗಿಯಂದಿರಿಗೆ ಹೇಳಿ: ನಿಲ್ಲಿಸಿ ಕನಿಷ್ಠ ಒಂದು ತಿಂಗಳು ಆಗುವವರೆಗೆ ಬಸುರಿ ಆಗಬಾರದು. ಮೂರ್ಛೆ ರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್ ಮಾತ್ರೆಯೂ ಇದೇ ಸಾಲಿನದು. ಆದರೆ ಅದನ್ನು ತಾವಾಗಿಯೇ ನಿಲ್ಲಿಸಬಾರದು, ವೈದ್ಯರು ಮೊದಲೇ ಬದಲಿಸಿಕೊಡಬೇಕು.

ಈಗ ಓರಗಿತ್ತಿಯ ಮಗುವಿನ ವಿಷಯ. ಅಲ್ಲಿ ಆದದ್ದು ನರನಾಳದ ಮುಂದಿನ ತುದಿ ಮುಚ್ಚದೆ ಉಳಿದದ್ದು. ಅದು ಗರ್ಭ ಕಟ್ಟಿದ ಮೊದಲ ನಾಲ್ಕು ವಾರದೊಳಗೆ, ಅವರಿಗೆ ಬಸುರಿ ಎಂದು ಸರಿಯಾಗಿ ಗೊತ್ತಾಗುವ ಮೊದಲೇ ಆಗಿಹೋಗಿರುತ್ತದೆ. ಆಮೇಲೆ ಬಂದ ಗ್ರಹಣಕ್ಕೂ ಹೆಚ್ಚಿದ ತರಕಾರಿಗೂ ಅದರಲ್ಲಿ ಪಾತ್ರವೇ ಇಲ್ಲ. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ ನಿಮ್ಮ ಕುಟ್ಟದ ಕಡೆ ಚೆನ್ನಾಗಿ ಕಂಡಿತ್ತಲ್ಲ. ಆಗ ಹೊಟ್ಟೆಯಲ್ಲಿದ್ದ ಮಕ್ಕಳು ಈಗ ನಿಮ್ಮೂರಿನ ಪ್ರಾಥಮಿಕ ಶಾಲೆಗಳಲ್ಲಿ ಕಿರುಚಾಡಿಕೊಂಡು ಓಡಾಡುತ್ತಿದ್ದಾರೆ. ಮನೆಯಲ್ಲಿ ವಾದ ಮಾಡಬೇಕಾದರೆ ಅಷ್ಟು ಸಾಕು.

ನರನಾಳ ಮುಚ್ಚದಿರಲು ಒಂದೇ ಕಾರಣ ಇರುವುದಿಲ್ಲ. ಜೀನ್‌ಗಳ ಪಾಲಿದೆ. ಹಿಡಿತದಲ್ಲಿಲ್ಲದ ಸಕ್ಕರೆ ಕಾಯಿಲೆ, ಕೆಲವು ಔಷಧಿ, ಮೊದಲ ವಾರಗಳಲ್ಲಿ ಬಂದ ಜೋರು ಜ್ವರ, ಫೋಲೇಟ್ ಮತ್ತು ಬಿ12 ಕೊರತೆ ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಫೋಲೇಟ್ ಸ್ವತಃ ಸಿಗ್ನಲ್ ಅಲ್ಲ. ಅಂಚುಗಳು ಮೇಲೇಳುವಾಗ ಕೋಶಗಳು ವೇಗವಾಗಿ ಒಡೆದು ಹೆಚ್ಚುತ್ತಿರುತ್ತವೆ. ಹೊಸ ಡಿಎನ್‌ಎ ಮಾಡಲು ಫೋಲೇಟ್ ಬೇಕು. ಸಿಗ್ನಲ್ ಸರಿಯಾಗಿದ್ದರೂ ಸಾಮಗ್ರಿ ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ.

ನಿಮ್ಮ ಲೆಕ್ಕ ಈಗ ಹಾಕೋಣ. ಒಂಬತ್ತು ವಾರ ಎಂದರೆ ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದ್ದು. ಗರ್ಭ ಕಟ್ಟಿ ಸುಮಾರು ಏಳು ವಾರ ಆಗಿದೆ. ಅಂದರೆ ನಿಮ್ಮ ಮಗುವಿನ ನರನಾಳದ ಕೆಲಸ ಮುಗಿದು ಮೂರು ವಾರ ಆಯಿತು. ನಿಮ್ಮ ಫೋಲಿಕ್ ಮಾತ್ರೆ ಆ ಕೆಲಸಕ್ಕೆ ತಡವಾಗಿ ಬಂತು ಎಂಬುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮಾತ್ರೆ ತಡವಾದ ಬಹುಪಾಲು ಹೆಂಗಸರ ಮಕ್ಕಳ ನರನಾಳ ಸರಿಯಾಗಿಯೇ ಮುಚ್ಚಿರುತ್ತದೆ. ಊಟದಿಂದ ಬರುವ ಸೊಪ್ಪು, ಕಾಳಿನ ಫೋಲೇಟೂ ಲೆಕ್ಕಕ್ಕಿದೆ. ಇನ್ನೊಂದು ಮಾತು. ಓರಗಿತ್ತಿ ನಿಮಗೆ ರಕ್ತಸಂಬಂಧಿ ಅಲ್ಲ. ನಿಮ್ಮ ಗಂಡನ ಅಣ್ಣನ ಮಗು ಎಂಬ ಕಾರಣಕ್ಕೆ ನಿಮ್ಮ ಅಪಾಯ ಬೇರೆಯವರಿಗಿಂತ ತುಸು ಜಾಸ್ತಿ ಇರಬಹುದು, ಅಷ್ಟೇ. ನೂರಕ್ಕೆ ಎರಡರಿಂದ ಐದು ಎಂದು ನೀವು ಎಲ್ಲಾದರೂ ಓದಿದ್ದರೆ ಅದು ಅದೇ ತಾಯಿಯ ಮುಂದಿನ ಮಗುವಿನ ಲೆಕ್ಕ, ನಿಮ್ಮದಲ್ಲ.

ಫೋಲಿಕ್ ಮಾತ್ರೆ ಮುಂದುವರಿಸಿ. ರಕ್ತಹೀನತೆ ತಡೆಯಲು ಅದು ಇನ್ನೂ ಬೇಕು.

ಈಗ ಥೈರಾಯ್ಡ್. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಿಮ್ಮ ಕೈಯಲ್ಲಿ ಇನ್ನೂ ಇರುವ ಸಿಗ್ನಲ್ ಇದು.

ಇಲ್ಲಿಯವರೆಗೆ ಹೇಳಿದ ಪ್ರೋಟೀನ್‌ಗಳೆಲ್ಲ ಭ್ರೂಣವೇ ತನಗಾಗಿ ಮಾಡಿಕೊಳ್ಳುವಂಥವು. ತಾಯಿ ಏನು ಉಂಡಳು ಎಂಬುದು ಅವಕ್ಕೆ ಹೆಚ್ಚು ಸಂಬಂಧವಿಲ್ಲ. ಥೈರಾಯ್ಡ್ ಹಾರ್ಮೋನ್ ಹಾಗಲ್ಲ. ಮಗುವಿನ ಥೈರಾಯ್ಡ್ ಗ್ರಂಥಿ ಕೆಲಸ ಶುರು ಮಾಡುವುದೇ ಹನ್ನೆರಡನೇ ವಾರದ ಸುಮಾರಿಗೆ, ಚೆನ್ನಾಗಿ ನಡೆಯುವುದು ಬಸುರಿಯ ನಡು ಭಾಗ ತಲುಪಿದ ಮೇಲೆ. ಅಲ್ಲಿಯವರೆಗೆ ಅಮ್ಮನ ರಕ್ತದಿಂದ ಬಂದದ್ದೇ ಗತಿ. ಅಮ್ಮನ ಟಿ4 ಹಾರ್ಮೋನ್ ಮಾಸು ದಾಟಿ ಮಗುವಿನ ಮೆದುಳಿಗೆ ಹೋಗುತ್ತದೆ. ಅಲ್ಲಿ ಒಂದು ಕಿಣ್ವ ಅದನ್ನು ಚುರುಕಾದ ಟಿ3 ಮಾಡುತ್ತದೆ. ಟಿ3 ಕೋಶದ ಕೇಂದ್ರದೊಳಗೆ ಹೋಗಿ ಕೆಲವು ಜೀನ್‌ಗಳನ್ನು ಶುರು ಮಾಡಿಸುತ್ತದೆ, ಕೆಲವನ್ನು ನಿಲ್ಲಿಸುತ್ತದೆ.

ಅದು ಶುರು ಮಾಡಿಸುವ ಕೆಲಸಗಳಲ್ಲಿ ಒಂದು ನರಕೋಶಗಳ ವಲಸೆ. ಮೆದುಳಿನ ಹೊರಪದರದ ನರಕೋಶಗಳು ಹುಟ್ಟುವುದು ಒಳಗೆ, ನಡುವಿನ ಕುಹರದ ಅಂಚಿನಲ್ಲಿ. ಅಲ್ಲಿಂದ ಹೊರಗೆ ತೆವಳಿಕೊಂಡು ಹೋಗಬೇಕು. ಮೊದಲು ಹೋದವು ಒಳಗಿನ ಪದರದಲ್ಲಿ ನಿಲ್ಲುತ್ತವೆ, ಆಮೇಲೆ ಬಂದವು ಅವನ್ನು ದಾಟಿ ಹೊರಗೆ ಹೋಗುತ್ತವೆ. ಯಾರು ಎಲ್ಲಿ ನಿಲ್ಲಬೇಕು ಎಂಬ ಕ್ರಮಕ್ಕೆ ರೀಲಿನ್ ಎಂಬ ಪ್ರೋಟೀನ್ ಬೇಕು. ಅದನ್ನು ಹೊರ ಅಂಚಿನ ಕೋಶಗಳು ಸೂಸುತ್ತವೆ. 1951ರಲ್ಲಿ ವರದಿಯಾದ ಒಂದು ಜಾತಿಯ ಇಲಿ ನಡೆಯುವಾಗ ತೂರಾಡುತ್ತಿತ್ತು. ಅದರ ಮೆದುಳಿನ ಪದರಗಳೆಲ್ಲ ತಲೆಕೆಳಗಾಗಿದ್ದವು. ಅದರಲ್ಲಿ ಕೆಟ್ಟಿದ್ದ ಜೀನ್ ರೀಲಿನ್‌ನದು ಎಂದು ಗೊತ್ತಾದದ್ದು 1995ರಲ್ಲಿ. ತಾಯಿ ಇಲಿಯ ಥೈರಾಯ್ಡ್ ಹಾರ್ಮೋನ್ ಕಡಿಮೆ ಮಾಡಿದ ಪ್ರಯೋಗಗಳಲ್ಲಿ ಮರಿಗಳ ಮೆದುಳಿನಲ್ಲೂ ಕೆಲವು ಕೋಶಗಳು ತಪ್ಪಿದ ಜಾಗದಲ್ಲಿ ನಿಂತಿದ್ದವು. ಮನುಷ್ಯರಲ್ಲಿ ಈ ವಲಸೆ ಜೋರಾಗುವುದು ಮೂರನೇ ತಿಂಗಳಿಂದ ಆರನೇ ತಿಂಗಳವರೆಗೆ. ನೀವು ಅದರ ಬಾಗಿಲಲ್ಲೇ ಇದ್ದೀರಿ.

ಹಾಗೆಂದು ಹೆದರಿಕೊಳ್ಳಬೇಡಿ. ನಿಮ್ಮದು ಟಿ4 ಸರಿಯಿದ್ದು, ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಎಂದು ಹೇಳುವ ಟಿಎಸ್‌ಎಚ್ ಹಾರ್ಮೋನ್ ಮಾತ್ರ ಸ್ವಲ್ಪ ಏರಿದ ಸ್ಥಿತಿ. ಇಲ್ಲಿ ಸಂಶೋಧನೆ ಎರಡು ಮಾತು ಹೇಳುತ್ತದೆ, ಎರಡನ್ನೂ ಕೇಳಿಸಿಕೊಳ್ಳಿ. 1999ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಬಸುರಿಯಲ್ಲಿ ಥೈರಾಯ್ಡ್ ಕೊರತೆ ಇದ್ದು ಚಿಕಿತ್ಸೆ ಸಿಗದ ತಾಯಂದಿರ ಮಕ್ಕಳ ಐಕ್ಯೂ ಸರಾಸರಿ 7 ಅಂಕ ಕಡಿಮೆ ಇತ್ತು. 2012 ಮತ್ತು 2017ರ ದೊಡ್ಡ ಪ್ರಯೋಗಗಳಲ್ಲಿ ಸೌಮ್ಯ ಕೊರತೆ ಇದ್ದವರಿಗೆ ಮಾತ್ರೆ ಕೊಟ್ಟು ನೋಡಿದಾಗ ಮಕ್ಕಳ ಐಕ್ಯೂನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿ ಮಾತ್ರೆ ಶುರುವಾದದ್ದೇ 13ನೇ ವಾರ, 17ನೇ ವಾರದ ಹೊತ್ತಿಗೆ. ಹಾಗಾಗಿ ಕೆಲವು ದಿನ ಬಿಟ್ಟಿದ್ದಕ್ಕೆ ಮಗುವಿಗೆ ಏನೋ ಆಗಿಹೋಯಿತು ಎಂದು ಅಳುವುದು ಬೇಡ. ಸೌಮ್ಯ ಏರಿಕೆ ಮುಂದೆ ಪೂರ್ತಿ ಕೊರತೆಯಾಗದಂತೆ ನೋಡಿಕೊಳ್ಳಲು ಮಾತ್ರೆ ಬೇಕು. ಬಸುರಿಯಲ್ಲಿ ಹಾರ್ಮೋನಿನ ಬೇಡಿಕೆ ಏರುತ್ತಲೇ ಹೋಗುತ್ತದೆ. ಅತ್ತೆಯವರಿಗೆ ಒಂದು ಮಾತು ಹೇಳಬಹುದು: ಇದು ಹೊರಗಿನ ಔಷಧಿ ಅಲ್ಲ, ನಮ್ಮ ಕುತ್ತಿಗೆಯ ಗ್ರಂಥಿ ಮಾಡುವ ಅದೇ ವಸ್ತು, ಕೊರತೆ ಇದ್ದಷ್ಟು ಸೇರಿಸಿಕೊಳ್ಳುವುದು. ನನ್ನ ಅನುಭವದಲ್ಲಿ ಈ ಮಾತಿಗೆ ಹಿರಿಯರು ಒಪ್ಪುತ್ತಾರೆ. ಉಷ್ಣವೋ ಶೀತವೋ ಎಂಬ ವಾದಕ್ಕೆ ಇಳಿದರೆ ನಾವು ಸೋಲುತ್ತೇವೆ.

ಮಾತ್ರೆ ನುಂಗುವ ಕ್ರಮದಲ್ಲೇ ಕೊಡಗಿನಲ್ಲಿ ಹಲವರು ಎಡವುತ್ತಾರೆ. ಎದ್ದ ಕೂಡಲೇ ಕಾಫಿ, ಅದರ ಜೊತೆಗೇ ಮಾತ್ರೆ. ಕಾಫಿ ಥೈರಾಕ್ಸಿನ್ ಹೀರಿಕೊಳ್ಳುವುದನ್ನು ತಡೆಯುತ್ತದೆ. ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಿ, ಮುಕ್ಕಾಲು ಗಂಟೆ, ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಶುರುವಾದಾಗ ಅವಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಮಳೆಗಾಲದ ತೇವಕ್ಕೆ ಈ ಮಾತ್ರೆ ಬೇಗ ಕೆಡುತ್ತದೆ. ಒಲೆಯ ಮೇಲಿನ ಗೂಡಿನಲ್ಲಿ, ಬಚ್ಚಲಿನ ಹತ್ತಿರ ಇಡಬೇಡಿ. ದೇಹವೇ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡುತ್ತಿದೆಯೇ ಎಂದು ನೋಡುವ ಟಿಪಿಒ ಆಂಟಿಬಾಡಿ ಪರೀಕ್ಷೆ ಒಮ್ಮೆ ಮಾಡಿಸಿ. ಟಿಎಸ್‌ಎಚ್ ಅನ್ನು ನಡು ಬಸುರಿಯವರೆಗೆ ನಾಲ್ಕು ವಾರಕ್ಕೊಮ್ಮೆ ನೋಡಬೇಕು, ಗುರಿ 2.5ರ ಕೆಳಗೆ.

ಹಾರ್ಮೋನಿಗೆ ಅಯೋಡಿನ್ ಬೇಕು. ಬಸುರಿಗೆ ದಿನಕ್ಕೆ 250 ಮೈಕ್ರೋಗ್ರಾಂ. ನಮ್ಮಂಥ ಜೋರು ಮಳೆಯ ಬೆಟ್ಟಸೀಮೆಯ ಮಣ್ಣಿನಿಂದ ಅಯೋಡಿನ್ ಕೊಚ್ಚಿಹೋಗಿರುತ್ತದೆ. ಆದ್ದರಿಂದ ಪ್ಯಾಕೆಟ್ಟಿನ ಅಯೋಡಿನ್ ಉಪ್ಪೇ ಬಳಸಿ, ಮುಚ್ಚಿದ ಡಬ್ಬಿಯಲ್ಲಿಡಿ. ಆರೋಗ್ಯಕ್ಕೆ ಒಳ್ಳೆಯದು ಎಂದು ಸೈಂಧವ ಲವಣ, ಕಲ್ಲುಪ್ಪಿಗೆ ಹೋದವರಲ್ಲಿ ಅಯೋಡಿನ್ ಕೊರತೆ ಆಗಬಹುದು. ಇನ್ನು ಮಳೆಗಾಲದ ಕಣಿಲೆ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ಅಂಶ ಇದೆ. ದೇಹದಲ್ಲಿ ಅದು ಥಯೋಸಯನೇಟ್ ಆಗಿ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಹೋಗುವುದನ್ನು ತಡೆಯುತ್ತದೆ. ನಮ್ಮ ಅಜ್ಜಿಯಂದಿರು ದಿನಗಟ್ಟಲೆ ನೀರು ಬದಲಿಸಿ ನೆನೆಹಾಕಿ ಬೇಯಿಸುತ್ತಿದ್ದರಲ್ಲ, ಅದರಿಂದ ಆ ಅಂಶ ಬಹಳ ಕಡಿಮೆಯಾಗುತ್ತದೆ. ಹಾಗೆ ಮಾಡಿದ್ದನ್ನು ಒಮ್ಮೊಮ್ಮೆ ತಿನ್ನಲು ಅಡ್ಡಿಯಿಲ್ಲ. ಅವಸರದಲ್ಲಿ ಒಂದು ರಾತ್ರಿ ನೆನೆಸಿದ್ದನ್ನು ಈ ವರ್ಷ ಬಿಡಿ.

ಕಾಫಿ ನರನಾಳವನ್ನು ಕೆಡಿಸುವುದಿಲ್ಲ. ಆದರೆ ಕೆಫೀನ್ ಮಾಸು ದಾಟುತ್ತದೆ, ಮಗುವಿಗೆ ಅದನ್ನು ಒಡೆಯುವ ಶಕ್ತಿ ಇನ್ನೂ ಇಲ್ಲ. ಬಸುರಿಯ ಮೈಯಿಂದಲೂ ಅದು ನಿಧಾನವಾಗಿ ಹೋಗುತ್ತದೆ. ಜಾಸ್ತಿ ಕುಡಿದರೆ ಮಗುವಿನ ತೂಕ ಕಡಿಮೆಯಾಗುವ ಸಾಧ್ಯತೆ ಇದೆ. ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮೀರದಿರಲಿ ಎಂಬುದು ಸಾಮಾನ್ಯ ಸಲಹೆ. ನಿಮ್ಮ ಕಡೆ ರೊಬಸ್ಟಾ ಜಾಸ್ತಿ, ಅದರಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್. ಐದು ಲೋಟವನ್ನು ಎರಡು ಸಣ್ಣ ಲೋಟಕ್ಕೆ ಇಳಿಸಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಅದು ಬೆರೆತ ಪುಡಿಯಾದರೆ ಇನ್ನೂ ಕಡಿಮೆ. ಶುದ್ಧ ಕಾಫಿ ಎಂದು ಹೆಮ್ಮೆ ಪಡುವ ಮನೆಗಳಲ್ಲಿ ಈ ಮಾತು ಹೇಳಿದರೆ ಜಗಳ ಆಗಬಹುದು!

ವೈನ್ ವಿಷಯ ನೇರವಾಗಿ ಹೇಳುತ್ತೇನೆ. ಮದ್ಯ ಹೆಡ್ಜ್‌ಹಾಗ್ ಸಿಗ್ನಲ್‌ಗೂ ತೊಂದರೆ ಕೊಡುತ್ತದೆ, ಮುಖ ಕಟ್ಟುವ ಕೋಶಗಳನ್ನೂ ಸಾಯಿಸುತ್ತದೆ. ಇಲಿಗಳಲ್ಲಿ ಇದನ್ನು ನೋಡಿದ್ದಾರೆ, ಆದರೆ ಅಲ್ಲಿ ಕೊಟ್ಟ ಪ್ರಮಾಣ ತುಂಬಾ ಜಾಸ್ತಿ. ಮುಟ್ಟು ತಪ್ಪುವ ಮೊದಲು ಒಂದು ದಿನ ಕುಡಿದ ಎರಡು ಗ್ಲಾಸಿನಿಂದ ಮಗುವಿಗೆ ಹಾನಿಯಾಗಿರುವ ಸಾಧ್ಯತೆ ತೀರಾ ಕಡಿಮೆ. ಗರ್ಭ ತೆಗೆಸುವ ಯೋಚನೆಗೆ ಅದು ಕಾರಣವೇ ಅಲ್ಲ. ಆದರೆ ಇಷ್ಟು ಕುಡಿದರೆ ಪರವಾಗಿಲ್ಲ ಎಂದು ಹೇಳುವಂಥ ಸುರಕ್ಷಿತ ಅಳತೆ ಬಸುರಿಯಲ್ಲಿ ಇಲ್ಲ. ಮುಂದಿನ ಪುತ್ತರಿಗೆ, ಮದುವೆಗಳಿಗೆ ಲೋಟ ಮುಟ್ಟಬೇಡಿ. ಮನೆಯಲ್ಲೇ ಮಾಡಿದ್ದು, ಹಣ್ಣಿನದು, ವೀಳ್ಯದೆಲೆಯದು ಎಂದರೂ ಆಲ್ಕೋಹಾಲ್ ಆಲ್ಕೋಹಾಲೇ.

ತೋಟದ ಔಷಧಿ ಬಗ್ಗೆ ನಿಮ್ಮ ಗಂಡ ಓದಲಿ. ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕಗಳು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಕೀಟ ಸಾಯುವುದು ಅದರಿಂದಲೇ. ಬೆಳೆಯುವ ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ಕೂಡ ಒಂದು ಸಿಗ್ನಲ್. ನ್ಯೂಯಾರ್ಕಿನಲ್ಲಿ ನಡೆದ ಅಧ್ಯಯನವೊಂದರಲ್ಲಿ ಹೊಕ್ಕುಳಬಳ್ಳಿಯ ರಕ್ತದಲ್ಲಿ ಕ್ಲೋರ್‌ಪೈರಿಫಾಸ್ ಹೆಚ್ಚಿದ್ದ ಮಕ್ಕಳು ಏಳನೇ ವಯಸ್ಸಿನಲ್ಲಿ ನೆನಪಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಯುರೋಪಿನ ಒಕ್ಕೂಟ 2020ರಲ್ಲಿ ಅದನ್ನು ನಿಲ್ಲಿಸಿತು. ಹಿಟ್ಟುತಿಗಣೆಗೋ ಕೊರಕಕ್ಕೋ ಹೊಡೆಯುವ ದಿನ ನೀವು ತವರಿಗೆ ಹೋಗಿ ಇರಿ. ಬೆರೆಸುವ ಡ್ರಮ್ ಬಾವಿಯಿಂದ ದೂರ ಇರಲಿ. ಹೊಡೆದು ಬಂದವರ ಬಟ್ಟೆ ನೀವು ಒಗೆಯಬೇಡಿ, ಮನೆ ಬಟ್ಟೆಯ ಜೊತೆ ಸೇರಿಸಲೂ ಬೇಡಿ. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಬಸುರಿ ಹೆಂಗಸು ಇದ್ದರೆ ಅವಳಿಗೂ ಇದೇ ನಿಯಮ. ಅವಳಿಗೆ ತವರಿಗೆ ಹೋಗುವ ಅನುಕೂಲ ಇರುವುದಿಲ್ಲ, ಕೆಲಸವನ್ನಾದರೂ ಆ ದಿನ ಬೇರೆ ಕಡೆ ಕೊಡಿ.

ಕೇಸರಿ, ಬ್ರೈನ್ ಪೌಡರ್, ಹೊಟ್ಟೆಗೆ ಹೆಡ್‌ಫೋನ್ ಇಟ್ಟು ಕೇಳಿಸುವ ಸಂಗೀತ ಇವುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದುಡ್ಡು ಉಳಿಸಿ. ಒಂಬತ್ತನೇ ವಾರದಲ್ಲಿ ಮಗುವಿಗೆ ಕಿವಿಯೇ ಕೇಳಿಸುವುದಿಲ್ಲ. ಮೆದುಳಿನ ಯಾವ ಭಾಗ ನೋಡಲು, ಯಾವುದು ಮುಟ್ಟಿದ್ದು ತಿಳಿಯಲು ಎಂಬ ಮೊದಲ ಗೆರೆಗಳನ್ನು ಎಳೆಯುವುದೂ ಅಣುಗಳೇ. 2001ರಲ್ಲಿ ಇಲಿಯ ಭ್ರೂಣದ ಮೆದುಳಿನ ಹಿಂಭಾಗದಲ್ಲಿ ಎಫ್‌ಜಿಎಫ್8 ಎಂಬ ಪ್ರೋಟೀನಿನ ಇನ್ನೊಂದು ಮೂಲ ಇಟ್ಟಾಗ, ಮೀಸೆಯ ಸ್ಪರ್ಶ ತಿಳಿಯುವ ನಕ್ಷೆ ಎರಡೆರಡು ಮೂಡಿತು. ಅನುಭವದ ಪಾಲು ಬರುವುದು ಆಮೇಲೆ, ಹುಟ್ಟಿದ ಮೇಲಂತೂ ಬಹಳ. ಆಗ ನೀವು ಮಾತಾಡಿದಷ್ಟೂ ಒಳ್ಳೆಯದು, ಕೊಡವ ತಕ್ಕ್, ಅರೆಭಾಷೆ, ಕನ್ನಡ ಯಾವುದರಲ್ಲಾದರೂ.

ಈಗ ನಿಮ್ಮ ಮುಂದಿರುವ ಪರೀಕ್ಷೆಗಳು. 11ರಿಂದ 13ನೇ ವಾರದ ಕೊನೆಯೊಳಗೆ ಎನ್‌ಟಿ ಸ್ಕ್ಯಾನ್ (ಮಗುವಿನ ಕುತ್ತಿಗೆಯ ಹಿಂಭಾಗದ ದ್ರವ ಅಳೆಯುವ ಸ್ಕ್ಯಾನ್) ಮಾಡಿಸಿ. ಓರಗಿತ್ತಿಯ ಮಗುವಿಗಿದ್ದ ದೋಷ ಅನುಭವಿ ವೈದ್ಯರ ಕೈಯಲ್ಲಿ ಆಗಲೇ ಕಾಣುತ್ತದೆ, ಐದನೇ ತಿಂಗಳವರೆಗೆ ಕಾಯಬೇಕಿಲ್ಲ. ನಿಮ್ಮ ಮೊದಲ ಭಯ ಅಲ್ಲಿಗೆ ಹೆಚ್ಚುಕಡಿಮೆ ತೀರುತ್ತದೆ. 18ರಿಂದ 20ನೇ ವಾರದ ಅನಾಮಲಿ ಸ್ಕ್ಯಾನ್ ಬೆನ್ನುಮೂಳೆ, ಮೆದುಳಿನ ಭಾಗಗಳನ್ನು ತೋರಿಸುತ್ತದೆ. ಸ್ಕ್ಯಾನಿನಿಂದ ಮಗುವಿಗೆ ಹಾನಿ ಇಲ್ಲ. ಅದರ ತೊಂದರೆ ಬೇರೆ: ಒಮ್ಮೊಮ್ಮೆ ಏನೂ ಅಲ್ಲದ ಸಣ್ಣ ಗುರುತು ಕಂಡು ಮನೆಮಂದಿಯೆಲ್ಲ ನಿದ್ದೆಗೆಡುತ್ತಾರೆ. ಇನ್ನೊಂದು ಕಡೆ, ನರಕೋಶಗಳ ಸೂಕ್ಷ್ಮ ಜೋಡಣೆ, ಮುಂದೆ ಮಗು ಹೇಗೆ ಕಲಿಯುತ್ತದೆ ಎಂಬುದು ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆಯುವ ಪರೀಕ್ಷೆ ಸ್ಕ್ಯಾನಿನಲ್ಲಿ ಅನುಮಾನ ಬಂದರೆ ಮಾತ್ರ. ಅದರಲ್ಲಿ ಗರ್ಭ ಹೋಗುವ ಅಪಾಯ ಇನ್ನೂರಕ್ಕೆ ಒಂದಕ್ಕಿಂತ ಕಡಿಮೆ. ಸುಮ್ನೆ ಸಮಾಧಾನಕ್ಕೆಂದು ಮಾಡಿಸುವುದಲ್ಲ. ಒಂದು ವೇಳೆ ಗಂಭೀರ ದೋಷ ಕಂಡರೆ, ಗರ್ಭಪಾತ ಕಾನೂನಿನ 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ ಗರ್ಭ ತೆಗೆಸಬಹುದು. 24 ವಾರ ದಾಟಿದ ಮೇಲೆ ಮೆಡಿಕಲ್ ಬೋರ್ಡ್ ತೀರ್ಮಾನಿಸುತ್ತದೆ. ಬೇಗ ಸ್ಕ್ಯಾನ್ ಮಾಡಿಸಿದವರಿಗೆ ಯೋಚಿಸಲು ಸಮಯ ಸಿಗುತ್ತದೆ. ಮಡಿಕೇರಿಗೋ ಮೈಸೂರಿಗೋ ಹೋಗಬೇಕಾದರೆ ದಿನ ಮೊದಲೇ ಗೊತ್ತು ಮಾಡಿಕೊಳ್ಳಿ. ಜುಲೈ, ಆಗಸ್ಟಿನಲ್ಲಿ ರಸ್ತೆ ಬಂದ್ ಆದರೆ ವಾರ ನಮಗಾಗಿ ಕಾಯುವುದಿಲ್ಲ.

ಹೆರಿಗೆ ಆದ ಮೇಲೆ ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆದು ಟಿಎಸ್‌ಎಚ್ ನೋಡುವ ಪರೀಕ್ಷೆ ಕೇಳಿ ಮಾಡಿಸಿ. ಮೊದಲ ವಾರದೊಳಗೆ ಆಗಬೇಕು. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇರುವ ಮಗುವಿಗೆ ಎರಡು ವಾರದೊಳಗೆ ಮಾತ್ರೆ ಶುರುವಾದರೆ ಮೆದುಳು ಚೆನ್ನಾಗಿಯೇ ಬೆಳೆಯುತ್ತದೆ.

ಕೊನೆಗೆ ಓರಗಿತ್ತಿ. ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಈ ಮನೆಯಲ್ಲಿ ಮಾತ್ರೆಯಿಂದ ಎಲ್ಲರಿಗಿಂತ ಜಾಸ್ತಿ ಲಾಭ ಅವರಿಗೆ. ಏಳು ದೇಶಗಳಲ್ಲಿ ನಡೆದು 1991ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಿಂದೊಮ್ಮೆ ಇಂಥ ಮಗು ಆಗಿದ್ದ ತಾಯಂದಿರಿಗೆ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಸಿಡ್ ಕೊಟ್ಟಾಗ ಅದೇ ದೋಷ ಮರುಕಳಿಸುವುದು ನೂರಕ್ಕೆ 72ರಷ್ಟು ಕಡಿಮೆಯಾಯಿತು. ನಮ್ಮಲ್ಲಿ 5 ಮಿಲಿಗ್ರಾಂ ಮಾತ್ರೆ ಸಿಗುತ್ತದೆ, ಕೆಲವೇ ರೂಪಾಯಿ. ಮುಂದಿನ ಮಗು ಬೇಕೆಂದು ಯೋಚಿಸುವುದಕ್ಕೆ ಎರಡು ಮೂರು ತಿಂಗಳ ಮೊದಲೇ ಶುರು ಮಾಡಿ ಮೊದಲ ಮೂರು ತಿಂಗಳು ತೆಗೆದುಕೊಳ್ಳಬೇಕು. ಅದಕ್ಕೆ ಮುಂಚೆ ಸಕ್ಕರೆ ಮತ್ತು ಬಿ12 ನೋಡಿಸಲಿ. ಅವರನ್ನು ವೈದ್ಯರ ಹತ್ತಿರ ಕಳಿಸುವಾಗ ನಿಮ್ಮ ಭಾವನವರೂ ಅತ್ತೆಯವರೂ ಜೊತೆಗೆ ಹೋಗಲಿ. ತರಕಾರಿ ಹೆಚ್ಚಿದ್ದು ಕಾರಣ ಅಲ್ಲ ಎಂಬ ಮಾತನ್ನು ಅವರಿಬ್ಬರೂ ವೈದ್ಯರ ಬಾಯಿಂದಲೇ ಕೇಳಿಸಿಕೊಳ್ಳಬೇಕು.